ಸೋಲಿನ ಖರ್ಚು ಯಾರ ಲೆಕ್ಕಕ್ಕೆ?

ಕ್ರಿ.ಪೂ. 211ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜ್ ರಾಜ್ಯದ ಸೇನಾಪತಿ ಹ್ಯಾನಿಬಲ್ ರೋಮ್ ನಗರದ ಹೊಸ್ತಿಲಿಗೇ ಬಂದು ಬೀಡುಬಿಟ್ಟ. ಐದು ವರ್ಷದ ಹಿಂದಷ್ಟೇ ಕ್ಯಾನೆಯ ಬಯಲಿನಲ್ಲಿ ಒಂದೇ ದಿನದಲ್ಲಿ ರೋಮನ್ನರ ಸುಮಾರು 50 ಸಾವಿರ ಜನರನ್ನು ಉರುಳಿಸಿದ್ದವನು ಅವನು. ಈಗ ಅವನ ಡೇರೆಗಳು ಎದ್ದಿದ್ದ ಜಮೀನು, ಅದೇ ದಿನಗಳಲ್ಲಿ, ನಗರದೊಳಗೆ ಮಾರಾಟಕ್ಕೆ ಬಂತು. ಶತ್ರು ಮೇಲೆ ಕೂತಿದ್ದರೂ ಅದರ ಬೆಲೆ ಒಂದು ಕಾಸೂ ಇಳಿಯಲಿಲ್ಲ ಎನ್ನುತ್ತಾನೆ ಇತಿಹಾಸಕಾರ ಲಿವಿ. ಸುದ್ದಿ ಕೇಳಿ ಮೈಯುರಿದ ಹ್ಯಾನಿಬಲ್ ರೋಮಿನ ಚೌಕದ ಸುತ್ತ ಇದ್ದ ಲೇವಾದೇವಿ ಅಂಗಡಿಗಳನ್ನು ತನ್ನ ಬೀಡಿನಲ್ಲೇ ಹರಾಜು ಕೂಗಿಸಿದನಂತೆ. ಲಿವಿ ರೋಮನ್ನರ ಕಡೆಯವನು, ಒಂದಿಷ್ಟು ಉಪ್ಪುಖಾರ ಹಚ್ಚಿಯೇ ಇರುತ್ತಾನೆ. ಆದರೂ ಸಾಮ್ರಾಜ್ಯಗಳ ಬಲದ ಮಾತು ಬಂದಾಗ ನನಗೆ ಮೊದಲು ನೆನಪಾಗುವುದು ಯಾವ ಯುದ್ಧವೂ ಅಲ್ಲ, ಈ ಜಮೀನು ವ್ಯಾಪಾರ.

ಯಾವ ಕಾಲದಲ್ಲಿ ಯುರೋಪಿನ ಯಾವ ಸಾಮ್ರಾಜ್ಯ ಎಲ್ಲಕ್ಕಿಂತ ಬಲಿಷ್ಠ ಎನ್ನುವುದು ನಮ್ಮ ಮನೆಯಲ್ಲಿ ಹಬ್ಬದೂಟ ಮುಗಿದು ಎಲೆ ಅಡಿಕೆ ತಟ್ಟೆ ಬಂದಾಗ ಏಳುವ ಜಗಳ. ಇನ್ನೊಂದು ಪಂಗಡದ ನಾಯಕ ನನ್ನ ಭಾವಮೈದ. ಅವನದು ಭೂಪಟದ ಲೆಕ್ಕ: ಯಾರ ಬಣ್ಣ ಎಷ್ಟು ಜಾಗ ತುಂಬಿದೆ ನೋಡಿ, ಅವರೇ ದೊಡ್ಡವರು. ಪಟ್ಟಿ ಬಾಯಿಪಾಠ. ರೋಮ್, ಬೈಜಾಂಟಿಯಂ, ಫ್ರಾಂಕರ ದೊರೆ ಶಾರ್ಲಮೇನ್, ಸ್ಪೇನ್, ಹದಿನಾಲ್ಕನೇ ಲೂಯಿಯ ಫ್ರಾನ್ಸ್, ನೆಪೋಲಿಯನ್, ಆಮೇಲೆ ಜಗತ್ತಿನ ನೆಲದ ಕಾಲು ಭಾಗವನ್ನು ಕೆಂಪು ಮಾಡಿದ ಬ್ರಿಟನ್. ಈ ಪಟ್ಟಿಯ ಮೇಲೆ ನನಗೆ ದೊಡ್ಡ ತಕರಾರೇನಿಲ್ಲ. ತಕರಾರು ಅಳತೆಗೋಲಿನ ಮೇಲೆ. ಗೆಲುವನ್ನು ಎಣಿಸಿ ಬಲ ಅಳೆಯುವುದು ನನಗೆ ಒಪ್ಪುವುದಿಲ್ಲ. ಒಂದು ಮಳೆಗಾಲ ಕೈಕೊಟ್ಟರೆ ಹೊಲ ಮಾರುವ ಮನೆಯೂ ಇದೆ, ಮೂರು ಮಳೆಗಾಲ ಕೈಕೊಟ್ಟರೂ ನಾಲ್ಕನೆಯದಕ್ಕೆ ಬಿತ್ತನೆ ಬೀಜ ತೆಗೆಯುವ ಮನೆಯೂ ಇದೆ. ಸುಗ್ಗಿಯ ದಿನ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ನಾನು ಕೇಳುವುದು ಎರಡೇ: ಎಷ್ಟು ಸಲ ಸೋಲುವ ತಾಕತ್ತಿತ್ತು, ಆ ಸೋಲಿನ ಖರ್ಚನ್ನು ಯಾರ ಲೆಕ್ಕಕ್ಕೆ ಬರೆದರು.

ಕ್ಯಾನೆಯ ಮಾರನೆಯ ದಿನಗಳನ್ನೇ ನೋಡಿ. ಹ್ಯಾನಿಬಲ್‌ನ ತಮ್ಮ ಮಾಗೋ ಕಾರ್ಥೇಜಿನ ಸಭೆಯಲ್ಲಿ, ಸತ್ತ ರೋಮನ್ ಶ್ರೀಮಂತರ ಬೆರಳಿನಿಂದ ಕಿತ್ತ ಚಿನ್ನದ ಉಂಗುರಗಳನ್ನು ರಾಶಿ ಸುರಿದು ತೋರಿಸಿದ. ಯಾವ ರಾಜ್ಯವಾದರೂ ಸಂಧಿಗೆ ಕೂರಬೇಕಾದ ಹೊತ್ತು. ರೋಮಿನ ಸೆನೆಟ್ ಏನು ಮಾಡಿತು? ಸೆರೆಸಿಕ್ಕ ತನ್ನ ಸೈನಿಕರನ್ನು ಹಣ ಕೊಟ್ಟು ಬಿಡಿಸಿಕೊಳ್ಳುವುದಿಲ್ಲ ಎಂದಿತು. ಅದರ ಬದಲು ಸರ್ಕಾರಿ ಖರ್ಚಿನಲ್ಲಿ 8 ಸಾವಿರ ಗುಲಾಮರನ್ನು ಕೊಂಡು ಕೈಗೆ ಆಯುಧ ಕೊಟ್ಟಿತು. ಸೋತು ಓಡಿಬಂದ ಕಾನ್ಸಲ್ ವಾರೋನನ್ನು ಕೊಲ್ಲಲಿಲ್ಲ. ಗಣರಾಜ್ಯದ ಮೇಲೆ ಆಸೆ ಬಿಡದೆ ವಾಪಸು ಬಂದಿದ್ದಕ್ಕೆ ಧನ್ಯವಾದ ಹೇಳಿತು. ಕಾರ್ಥೇಜಿನ ಸೇನಾಪತಿಯಾಗಿದ್ದರೆ ಯಾವ ಘೋರ ಶಿಕ್ಷೆಯೂ ತಪ್ಪುತ್ತಿರಲಿಲ್ಲ ಎಂದು ಲಿವಿ ಸೇರಿಸುತ್ತಾನೆ. ಹ್ಯಾನಿಬಲ್ ಇಟಲಿಯಲ್ಲಿ ಸುಮಾರು 15 ವರ್ಷ ಸುತ್ತಾಡಿದ, ದೊಡ್ಡ ದೊಡ್ಡ ಕದನಗಳನ್ನು ಗೆದ್ದ. ರೋಮ್ ಸೋಲುತ್ತ ಸೋಲುತ್ತ, ಮಿತ್ರ ಊರುಗಳಿಂದ ಇನ್ನಷ್ಟು ಮತ್ತಷ್ಟು ಗಂಡಸರನ್ನು ಎಳೆದು ತರುತ್ತ ನಿಂತಿತ್ತು. ಕಾರ್ಥೇಜ್ ಕ್ರಿ.ಪೂ. 202ರಲ್ಲಿ ಜಾಮಾದಲ್ಲಿ ಒಂದು ಸಲ ಸೋತಿತು, ಕಥೆ ಮುಗಿಯಿತು.

ರೋಮಿನ ಪೂರ್ವಾರ್ಧ, ಅಂದರೆ ಬೈಜಾಂಟಿಯಂ, ಈ ವಿದ್ಯೆಯಲ್ಲಿ ಇನ್ನೂ ಪಳಗಿದ ಕೈ. ಏಳನೇ ಶತಮಾನದಲ್ಲಿ ಸಿರಿಯಾ ಹೋಯಿತು, ಈಜಿಪ್ಟ್ ಹೋಯಿತು, ಅಂದರೆ ಕಣಜವೂ ತಿಜೋರಿಯೂ ಒಟ್ಟಿಗೇ ಹೋದವು. 717ರಲ್ಲಿ ಅರಬ್ಬರ ನೌಕಾಪಡೆ ರಾಜಧಾನಿ ಕಾನ್ಸ್ಟಾಂಟಿನೋಪಲ್ ಗೋಡೆಯ ಕೆಳಗೇ ಬಂದು ನಿಂತಿತು. ಅದಾದ ಮೇಲೂ ಏಳು ಶತಮಾನ ಬದುಕಿದ ರಾಜ್ಯ ಅದು. ಅದರ ಚಿನ್ನದ ನಾಣ್ಯ ಸುಮಾರು 700 ವರ್ಷ ಕಲಬೆರಕೆಯಿಲ್ಲದೆ ನಡೆಯಿತು. ಹನ್ನೊಂದನೇ ಶತಮಾನದಲ್ಲಿ ಅದಕ್ಕೆ ಬೆಳ್ಳಿ ಬೆರೆಸಲು ಶುರುಮಾಡಿದ ಕಾಲಕ್ಕೇ ಸರಿಯಾಗಿ ಆಟವೂ ಕೆಡುತ್ತ ಬಂತು. ಶಾರ್ಲಮೇನ್ ಭೂಪಟದಲ್ಲಿ ಬೈಜಾಂಟಿಯಮ್ಮಿಗಿಂತ ಭವ್ಯ, ನಿಜ. 800ರಲ್ಲಿ ಕಿರೀಟ, 843ರಲ್ಲಿ ಮೊಮ್ಮಕ್ಕಳ ಪಾಲುಪತ್ರ. ಅದನ್ನು ಒಡೆಯಲು ಹೊರಗಿನ ಶತ್ರುವೂ ಬೇಕಾಗಲಿಲ್ಲ.

ಆಟೋಮನ್ ತುರ್ಕರನ್ನು ಯುರೋಪಿನ ಪಟ್ಟಿಗೆ ಸೇರಿಸಬೇಕೋ ಬೇಡವೋ ಎಂದು ಭಾವಮೈದ ಪ್ರತಿ ಸಲ ತಗಾದೆ ತೆಗೆಯುತ್ತಾನೆ. ರಾಜಧಾನಿ ಯುರೋಪಿನ ನೆಲದಲ್ಲಿ, ಬಾಲ್ಕನ್ ಬಹುತೇಕ ಕೈಯಲ್ಲಿ, ಎರಡು ಸಲ ವಿಯೆನ್ನಾ ಬಾಗಿಲು ಬಡಿದವರು. ಅವರನ್ನು ಬಿಟ್ಟು ಹದಿನಾರನೇ ಶತಮಾನದ ಯುರೋಪಿನ ಮಾತಾಡುವುದು ಹೇಗೆ? 1571ರ ಅಕ್ಟೋಬರ್ 7ರಂದು ಗ್ರೀಸ್ ಕರಾವಳಿಯ ಲೆಪಾಂಟೋದಲ್ಲಿ ಸ್ಪೇನ್, ವೆನಿಸ್‌ಗಳ ಕೂಟದ ಎದುರು ಅವರ ನೌಕಾಪಡೆ ಸರ್ವನಾಶವಾಯಿತು. ಕ್ರೈಸ್ತ ಯುರೋಪಿನ ತುಂಬ ಚರ್ಚಿನ ಗಂಟೆ ಬಾರಿಸಿದರು. ಮುಂದಿನ ಬೇಸಿಗೆಗೆ ಇಸ್ತಾಂಬುಲಿನಿಂದ ಹೊಚ್ಚಹೊಸ ನೌಕಾಪಡೆ ಹೊರಟಿತ್ತು. ವಜೀರ ಸೊಕೊಲ್ಲು ಮೆಹ್ಮದ್ ಪಾಷಾ ವೆನಿಸ್ಸಿನ ರಾಯಭಾರಿಗೆ ಹೇಳಿದನೆನ್ನುವ ಮಾತು ಪ್ರಸಿದ್ಧ: ಸೈಪ್ರಸ್ ಕಿತ್ತುಕೊಂಡು ನಾವು ನಿಮ್ಮ ತೋಳು ಕಡಿದೆವು, ನೀವು ನಮ್ಮ ಗಡ್ಡ ಬೋಳಿಸಿದಿರಿ, ಕಡಿದ ತೋಳು ಚಿಗುರುವುದಿಲ್ಲ, ಗಡ್ಡ ಮೊದಲಿಗಿಂತ ದಟ್ಟವಾಗಿ ಬರುತ್ತದೆ. ಬರೀ ಜಂಬ ಎನ್ನುವ ಹಾಗಿಲ್ಲ. 1573ರಲ್ಲಿ ಸಂಧಿಗೆ ಬಂದದ್ದು ಗೆದ್ದ ವೆನಿಸ್. ಸೈಪ್ರಸ್ಸನ್ನೂ ಬಿಟ್ಟುಕೊಟ್ಟು 3 ಲಕ್ಷ ಡುಕಾಟ್ ದಂಡವನ್ನೂ ಕಟ್ಟಿತು. ಹಸಿ ಮರದ ಹಡಗುಗಳು, ಸತ್ತ ಅನುಭವಿ ಬಿಲ್ಲುಗಾರರ ಜಾಗ ತುಂಬಲಾಗಲಿಲ್ಲ ಎಂಬ ಆಕ್ಷೇಪ ಇದೆ, ಒಪ್ಪುತ್ತೇನೆ. ಆದರೆ ಗಡ್ಡ ನಿಜವಾಗಿ ಬೆಳೆಯದೆ ಹೋದದ್ದು ನೂರು ವರ್ಷದ ನಂತರ. 1683ರಲ್ಲಿ ವಿಯೆನ್ನಾದಿಂದ ಹಿಮ್ಮೆಟ್ಟಿದ ಮೇಲೆ ಬುಡಾ ನಗರ ಹೋಯಿತು, 1699ರ ಸಂಧಿಯಲ್ಲಿ ಹಂಗೇರಿಯ ಬಹುಭಾಗವೂ ಕೈತಪ್ಪಿತು.

ಪೋರ್ಚುಗೀಸರನ್ನು ಕರಾವಳಿಯ ನಾವು ಬಲು ದೊಡ್ಡವರೆಂದು ಎಣಿಸುತ್ತೇವೆ. ಗೋವಾ, ಹೊನ್ನಾವರ, ಬಸರೂರು, ಮಂಗಳೂರು ಎಂದು ಕೋಟೆ ಕಟ್ಟಿ ಕೂತವರನ್ನು ಎದುರಿಗೆ ಕಂಡವರಿಗೆ ಹಾಗನ್ನಿಸದೆ ಇರದು. ಆದರೆ 1578ರ ಆಗಸ್ಟಿನಲ್ಲಿ ದೊರೆ ಸೆಬಾಸ್ಟಿಯನ್ ಮೊರಾಕ್ಕೋದಲ್ಲಿ ಒಂದು ಯುದ್ಧ ಸೋತು ಸತ್ತ, ಎರಡೇ ವರ್ಷಕ್ಕೆ ಪೋರ್ಚುಗಲ್ಲಿನ ಸಿಂಹಾಸನವೇ ಸ್ಪೇನಿನ ದೊರೆಯ ಪಾಲಾಯಿತು. ಸ್ವೀಡನ್ನಿನದೂ ಅದೇ ಪಾಡು. 1700ರಲ್ಲಿ ನಾರ್ವಾದಲ್ಲಿ ರಷ್ಯನ್ನರನ್ನು ಚಿಂದಿ ಮಾಡಿತು. ರಷ್ಯಾದ ದೊರೆ ಪೀಟರ್ ಚರ್ಚಿನ ಗಂಟೆ ಕರಗಿಸಿ ಫಿರಂಗಿ ಎರಕ ಹೊಯ್ಯಿಸಿದ. 1709ರಲ್ಲಿ ಪೊಲ್ಟಾವಾದಲ್ಲಿ ಸ್ವೀಡನ್ ಸೋತಾಗ ಕರಗಿಸಲು ಅದರ ಬಳಿ ಅಷ್ಟು ಗಂಟೆಗಳಿರಲಿಲ್ಲ.

ಸ್ಪೇನಿನದು ಸ್ವಲ್ಪ ತೊಡಕಿನ ಕೇಸು. ಎರಡನೇ ಫಿಲಿಪ್ 1588ರಲ್ಲಿ ಸುಮಾರು 130 ಹಡಗುಗಳ ಆರ್ಮಡಾ ಕಳಿಸಿ ಕೈಸುಟ್ಟುಕೊಂಡ, ಆಮೇಲೂ 1596, 1597ರಲ್ಲಿ ಮತ್ತೆ ಕಳಿಸಿದ. ಡಚ್ಚರ ಜೊತೆಗಿನ ಯುದ್ಧ ಎಂಬತ್ತು ವರ್ಷ ಎಳೆಯಿತು. ಇಷ್ಟು ಸೋಲಿಗೆ ಬಂಡವಾಳ ಆಂಡೀಸ್ ಬೆಟ್ಟದ ಪೊಟೋಸಿ ಬೆಳ್ಳಿ. ಗಣಿಯ ಸುತ್ತಲಿನ 16 ಪ್ರಾಂತ್ಯಗಳಿಂದ ಏಳರಲ್ಲೊಬ್ಬ ಗಂಡಸು ಸರದಿಯ ಮೇಲೆ ಕಡ್ಡಾಯ ದುಡಿಮೆಗೆ ಬರಬೇಕಿತ್ತು, ವರ್ಷಕ್ಕೆ ಸುಮಾರು 13 ಸಾವಿರ ಜನ. ಅಷ್ಟಾದರೂ ಫಿಲಿಪ್ 1557, 1560, 1575, 1596, ಹೀಗೆ ನಾಲ್ಕು ಸಲ ಸಾಲ ಕೊಟ್ಟವರಿಗೆ ಕೈಯೆತ್ತಿದ. 1575ರ ದಿವಾಳಿಯ ಮರುವರ್ಷ, ಸಂಬಳ ಕಾಣದ ಅವನ ಸೈನಿಕರೇ ಅವನದೇ ಆಂಟ್ವರ್ಪ್ ನಗರಕ್ಕೆ ನುಗ್ಗಿ ಸಾವಿರಾರು ಜನರನ್ನು ಕೊಂದು ಕೊಳ್ಳೆ ಹೊಡೆದರು. ಬೆಳ್ಳಿ ಇದ್ದವನಿಗೂ ನಂಬಿಕೆ ಇಲ್ಲದಿದ್ದರೆ ಸೋಲು ದುಬಾರಿ.

ನೆಪೋಲಿಯನ್ ವಿಷಯಕ್ಕೆ ಬಂದರೆ ಭಾವಮೈದನ ದನಿ ಏರುತ್ತದೆ. 1805ರಿಂದ 1812ರವರೆಗೆ ಯುರೋಪಿನಲ್ಲಿ ಇನ್ಯಾರಿದ್ದರು ಹೇಳಿ ಎನ್ನುತ್ತಾನೆ. ನಾನು ತಣ್ಣಗೆ ಆಸ್ಟ್ರಿಯಾ ಎನ್ನುತ್ತೇನೆ.

"ಏನ್ ಭಾವ, ನಾಲ್ಕು ಸಲ ಒದೆ ತಿಂದವರು ಅವ್ರು! ನಿಮ್ಮ ಲೆಕ್ಕದಲ್ಲಿ ಸೋತೋನೇ ಶೂರ ಅಂದಂಗಾಯ್ತಲ್ಲ."

ನಾಲ್ಕು ಸಲ ನಿಜ. 1797, 1801, 1805, 1809. ಪ್ರತಿ ಸಲ ಒಂದಿಷ್ಟು ನೆಲ ಬಿಟ್ಟುಕೊಟ್ಟರು. ಕಡೆಯ ಸೋಲಾದ ಮೇಲೆ ಚಕ್ರವರ್ತಿ ತನ್ನ ಮಗಳನ್ನೇ ನೆಪೋಲಿಯನ್‌ಗೆ ಧಾರೆಯೆರೆದ. 1811ರಲ್ಲಿ ಬೊಕ್ಕಸ ದಿವಾಳಿ. ಆದರೆ 1813ರಲ್ಲಿ ಲೈಪ್‌ಜಿಗ್‌ನಲ್ಲಿ ನೆಪೋಲಿಯನ್ನನ್ನು ಮುರಿದ ಕೂಟದ ಸೇನಾಪತಿ ಆಸ್ಟ್ರಿಯಾದ ಶ್ವಾರ್ಜೆನ್‌ಬರ್ಗ್, ಮರುವರ್ಷ ಯುರೋಪಿನ ದೊರೆಗಳೆಲ್ಲ ಸೇರಿ ಭೂಪಟ ಹಂಚಿಕೊಂಡದ್ದು ವಿಯೆನ್ನಾದಲ್ಲಿ. ನನ್ನ ವಾದಕ್ಕೆ ಸಾಕ್ಷಿ ಸ್ವತಃ ನೆಪೋಲಿಯನ್. 1813ರ ಜೂನಿನಲ್ಲಿ ಡ್ರೆಸ್ಡೆನ್‌ನಲ್ಲಿ ಆಸ್ಟ್ರಿಯಾದ ಮಂತ್ರಿ ಮೆಟರ್ನಿಖ್ ಜೊತೆ ಗಂಟೆಗಟ್ಟಲೆ ಜಗಳವಾಡಿದಾಗ ಅವನು ಅಂದದ್ದನ್ನು ಮೆಟರ್ನಿಖ್ ಬರೆದಿಟ್ಟಿದ್ದಾನೆ: ಹುಟ್ಟಿನಿಂದ ಸಿಂಹಾಸನ ಬಂದ ನಿಮ್ಮ ದೊರೆಗಳು ಇಪ್ಪತ್ತು ಸಲ ಸೋತರೂ ತಮ್ಮ ರಾಜಧಾನಿಗೆ ಮರಳಬಹುದು, ನನಗೆ ಅದು ಸಾಧ್ಯವಿಲ್ಲ. ಸುಮಾರು 6 ಲಕ್ಷ ಜನರ ಸೈನ್ಯವನ್ನು ರಷ್ಯಾಕ್ಕೆ ಒಯ್ದು ಬಹುಪಾಲನ್ನು ಅಲ್ಲೇ ಕಳೆದುಕೊಂಡು ಬಂದ ಮನುಷ್ಯನಿಗೆ ತನ್ನ ಲೆಕ್ಕ ಚೆನ್ನಾಗಿಯೇ ಗೊತ್ತಿತ್ತು. ಆಸ್ಟ್ರಿಯಾ ಫ್ರಾನ್ಸಿಗಿಂತ ಬಲಿಷ್ಠ ಎಂದು ನಾನು ಗಂಭೀರವಾಗಿ ವಾದಿಸುವುದಿಲ್ಲ, ಅದು ಎಲೆ ಅಡಿಕೆ ಹೊತ್ತಿನ ಕೀಟಲೆ. ಆದರೆ ಆ ಏಳು ವರ್ಷದ ಭೂಪಟ ಬಲವನ್ನು ತೋರಿಸುತ್ತಿತ್ತೋ, ಬರೀ ಓಟವನ್ನೋ ಎಂದು ಕೇಳಲೇಬೇಕಾಗುತ್ತದೆ.

ಇನ್ನು ಬ್ರಿಟನ್. ಸೋಲನ್ನು ಜೀರ್ಣಿಸಿಕೊಳ್ಳುವುದನ್ನು ಒಂದು ಕಚೇರಿಯ ಕೆಲಸವನ್ನಾಗಿ ಮಾಡಿದ್ದು ಇವರು. 1690ರಲ್ಲಿ ಬೀಚಿ ಹೆಡ್ ಬಳಿ ಫ್ರೆಂಚ್ ನೌಕಾಪಡೆ ಇಂಗ್ಲಿಷರನ್ನೂ ಡಚ್ಚರನ್ನೂ ಸೋಲಿಸಿತು. ಫ್ರಾನ್ಸಿನಲ್ಲಿ ಆಗ 2 ಕೋಟಿ ಜನ, ಇಂಗ್ಲೆಂಡಿನಲ್ಲಿ ಅದರ ಕಾಲು ಭಾಗ. ಹಡಗು ಕಟ್ಟಲು ದುಡ್ಡಿಲ್ಲ, ದೊರೆಗೆ ಸಾಲ ಕೊಡುವವರಿಲ್ಲ. 1694ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಹುಟ್ಟಿದ್ದು ಹೀಗೆ: ಸರ್ಕಾರಕ್ಕೆ 12 ಲಕ್ಷ ಪೌಂಡ್ ಸಾಲ, ಬಡ್ಡಿ ನೂರಕ್ಕೆ 8. ಸಾಲ ಇನ್ನು ದೊರೆಯ ಸ್ವಂತದ್ದಲ್ಲ, ಪಾರ್ಲಿಮೆಂಟು ತೆರಿಗೆ ಹಾಕಿ ತೀರಿಸುವಂಥದ್ದು. ಹಾಗಾಗಿ ಬಡ್ಡಿ ತಪ್ಪದು ಎಂಬ ನಂಬಿಕೆ ಬೆಳೆಯಿತು. ನಂಬಿಕೆ ಬೆಳೆದಂತೆ ಬಡ್ಡಿ ದರ ಇಳಿಯಿತು. ಅತ್ತ ಹದಿನಾಲ್ಕನೇ ಲೂಯಿ 1689ರಲ್ಲೇ ಯುದ್ಧದ ಖರ್ಚಿಗೆ ವರ್ಸೈ ಅರಮನೆಯ ಬೆಳ್ಳಿಯ ಪೀಠೋಪಕರಣಗಳನ್ನು ಕರಗಿಸಿದ್ದ.

ಈ ವ್ಯವಸ್ಥೆ ಎಷ್ಟು ಗಟ್ಟಿ ಎನ್ನುವುದಕ್ಕೆ ಅಮೆರಿಕದ ಯುದ್ಧಕ್ಕಿಂತ ಒಳ್ಳೆಯ ಪರೀಕ್ಷೆ ಬೇಡ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೇನೆ ಶರಣಾಯಿತು, 13 ವಸಾಹತು ಹೋದವು, ಸಾಲ ಸುಮಾರು 24 ಕೋಟಿ ಪೌಂಡಿಗೆ ಏರಿತು. ಗೆದ್ದವರಲ್ಲಿ ಫ್ರಾನ್ಸ್ ಒಂದು. ಆ ಗೆಲುವಿನ ಸಾಲಕ್ಕೆ ಬಡ್ಡಿ ಕಟ್ಟಲಾಗದೆಯೇ ಫ್ರಾನ್ಸಿನ ದೊರೆ 1789ರಲ್ಲಿ ಮಹಾಸಭೆ ಕರೆಯಬೇಕಾಯಿತು. ನಾಲ್ಕು ವರ್ಷಕ್ಕೆ ಗೆದ್ದ ದೊರೆಯ ತಲೆ ಹೋಯಿತು. ಯಾರ್ಕ್‌ಟೌನ್‌ನಲ್ಲಿ ಸೋತ ಕಾರ್ನ್‌ವಾಲಿಸ್ 1786ರಲ್ಲಿ ಕಲ್ಕತ್ತಕ್ಕೆ ಗವರ್ನರ್ ಜನರಲ್ ಆಗಿ ಬಂದ. ಮುಂದಿನದು ನಮಗೆ ಗೊತ್ತಿರುವ ಕಥೆ.

ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದವರು ಪಶ್ಚಿಮದ ಗೋಡೆಯ ದೊಡ್ಡ ಚಿತ್ರವನ್ನು ನೋಡಿಯೇ ಇರುತ್ತಾರೆ. ಗೈಡುಗಳು ಹೈದರ್ ಎಲ್ಲಿ, ಟಿಪ್ಪು ಎಲ್ಲಿ ಎಂದು ಕೋಲು ತೋರಿಸುತ್ತ ಹೋಗುತ್ತಾರೆ. ನಾನು ಹೋದಾಗಲೆಲ್ಲ ಹುಡುಕುವುದು ಪಲ್ಲಕ್ಕಿಯನ್ನು. ಕೆಂಪು ಕೋಟಿನ ಸಿಪಾಯಿಗಳು ಚೌಕಾಕಾರ ಕಟ್ಟಿ ನಿಂತಿದ್ದಾರೆ, ನಡುವೆ ಮದ್ದಿನ ಬಂಡಿ ಸಿಡಿದು ಬೆಂಕಿ ಏಳುತ್ತಿದೆ, ಪಲ್ಲಕ್ಕಿಯೊಳಗೆ ಗಾಯಗೊಂಡ ಕರ್ನಲ್ ಬೈಲಿ ಬೆರಳು ಕಚ್ಚಿ ಕೂತಿದ್ದಾನೆ. ಇದು 1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಕದನ. ಈಸ್ಟ್ ಇಂಡಿಯಾ ಕಂಪನಿಗೆ ಭಾರತದಲ್ಲಿ ಅಲ್ಲಿಯವರೆಗೆ ಬಿದ್ದ ಏಟುಗಳಲ್ಲೆಲ್ಲ ಇದು ದೊಡ್ಡದು. ಹತ್ತಿರದಲ್ಲೇ ಕಾಂಚೀಪುರದಲ್ಲಿದ್ದ ಇನ್ನೊಬ್ಬ ಸೇನಾನಿ, ಜನರಲ್ ಮನ್ರೋ, ತನ್ನ ಫಿರಂಗಿಗಳನ್ನು ದೇವಸ್ಥಾನದ ಕೊಳಕ್ಕೆ ತಳ್ಳಿ ಮದ್ರಾಸಿಗೆ ಓಡಿದ. ಬೈಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ.

ಈ ಸೋಲಿನ ಖರ್ಚು ಎಲ್ಲಿಗೆ ಹೋಯಿತು ಎಂದು ಹಿಂಬಾಲಿಸಿದರೆ ಬ್ರಿಟಿಷರ ಬಲದ ಗುಟ್ಟು ಸಿಗುತ್ತದೆ. ಎರಡು ತಿಂಗಳೊಳಗೆ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಬಂಗಾಳದಿಂದ ಸೇನಾಪತಿ ಐರ್ ಕೂಟ್‌ನನ್ನು ಸೈನ್ಯ, ಹಣದ ಸಮೇತ ಹಡಗಿನಲ್ಲಿ ಮದ್ರಾಸಿಗೆ ಕಳಿಸಿದ. 1765ರಲ್ಲೇ ಬಂಗಾಳದ ದಿವಾನಿ ಸಿಕ್ಕಿತ್ತು, ಅಲ್ಲಿಯ ರೈತರ ಕಂದಾಯ ಕಂಪನಿಯ ಬೊಕ್ಕಸ. ಅದೂ ಸಾಲದೆ ಹೋದಾಗ ಹೇಸ್ಟಿಂಗ್ಸ್ ಬನಾರಸ್ಸಿನ ರಾಜಾ ಚೇತ್ ಸಿಂಗನನ್ನು ಹಿಂಡಿದ, ಕೊಡಲಿಲ್ಲವೆಂದು 1781ರಲ್ಲಿ ಅವನ ಊರಲ್ಲೇ ಸೆರೆಹಿಡಿಯಲು ಹೋದ. ಆಮೇಲೆ ಅವಧದ ಬೇಗಂಗಳ ಖಜಾನೆಗೆ ಕೈಹಾಕಿದ. ಮುಂದೆ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಅವನ ಮೇಲೆ ವರ್ಷಗಟ್ಟಲೆ ನಡೆದ ವಿಚಾರಣೆಯ ಮುಖ್ಯ ಆರೋಪಗಳು ಇವೇ. ಅಂದರೆ ಪೊಳ್ಳಿಲೂರಿನಲ್ಲಿ ಮೈಸೂರಿನವರು ಗೆದ್ದದ್ದಕ್ಕೆ ದಂಡ ಕಟ್ಟಿದ್ದು ಬಂಗಾಳದ ರೈತ, ಬನಾರಸ್ಸಿನ ರಾಜ, ಫೈಜಾಬಾದಿನ ಇಬ್ಬರು ಹೆಂಗಸರು. ಹೈದರ್ ಇದನ್ನು ಸರಿಯಾಗಿಯೇ ಗ್ರಹಿಸಿದ್ದ. ಎಷ್ಟು ಬೈಲಿಗಳನ್ನು ಸೋಲಿಸಿದರೂ ಇವರು ಮುಗಿಯುವುದಿಲ್ಲ, ನೆಲದ ಮೇಲೆ ಹಾಳುಮಾಡಬಲ್ಲೆ, ಸಮುದ್ರವನ್ನು ಬತ್ತಿಸಲಾರೆ ಎಂದು ಪೂರ್ಣಯ್ಯನ ಬಳಿ ಹೇಳಿಕೊಂಡನೆಂದು ಒಂದು ಮಾತಿದೆ.

ಮೈಸೂರಿಗೆ ಅಂಥ ಇನ್ನೊಂದು ಬಂಗಾಳ ಇರಲಿಲ್ಲ. 1792ರಲ್ಲಿ ಕಾರ್ನ್‌ವಾಲಿಸ್ ಎದುರು ಟಿಪ್ಪು ಸೋತಾಗ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ದಂಡ, ಅದು ತೀರುವವರೆಗೆ ಇಬ್ಬರು ಗಂಡುಮಕ್ಕಳು ಒತ್ತೆ. ಏಳು ವರ್ಷಕ್ಕೆ ಉಳಿದರ್ಧವೂ ಹೋಯಿತು. ಟಿಪ್ಪು ಬ್ರಿಟಿಷರಿಗಿಂತ ಕಡಿಮೆ ಯೋಧನೇನೂ ಅಲ್ಲ, ರಾಕೆಟ್ಟುಗಳ ವಿಷಯದಲ್ಲಂತೂ ಮುಂದಿದ್ದ. ಸೋಲಲು ಅವನಿಗೆ ಜಾಗ ಇರಲಿಲ್ಲ, ಅಷ್ಟೆ. ದರಿಯಾ ದೌಲತ್‌ನ ಆ ಚಿತ್ರ ಮಾಸಿದಾಗ ಮತ್ತೆ ಬಣ್ಣ ಬರೆಸಲು ಹೇಳಿದ್ದು ಲಾರ್ಡ್ ಡಾಲ್‌ಹೌಸಿ. ಹೊಟ್ಟೆ ತುಂಬಿದವರ ಔದಾರ್ಯ ಅದು ಎಂದು ನನಗೆ ಅಲ್ಲಿ ನಿಂತಾಗಲೆಲ್ಲ ಸಿಟ್ಟೂ ಬರುತ್ತದೆ, ಚಿತ್ರ ಉಳಿಯಿತಲ್ಲ ಎಂದು ಸಮಾಧಾನವೂ ಆಗುತ್ತದೆ.

ನಮ್ಮವರ ಹೆಸರು ಈ ಖರ್ಚಿನ ಪುಸ್ತಕದಲ್ಲಿ ಆಮೇಲೂ ಇದೆ. 1917ರಲ್ಲಿ ಬ್ರಿಟನ್ನಿನ ಯುದ್ಧಕ್ಕೆ ಭಾರತದ ಸರ್ಕಾರ 10 ಕೋಟಿ ಪೌಂಡ್ "ಉಡುಗೊರೆ" ಕೊಟ್ಟಿತು. ಉಡುಗೊರೆ ಕೊಡುವವರನ್ನು ಯಾರೂ ಕೇಳಿರಲಿಲ್ಲ ಬಿಡಿ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಬಿಡಿಸಿದ ಕುದುರೆ ದಾಳಿಯಲ್ಲಿ ಜೋಧ್‌ಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಒಂದು ಕಾಲಕ್ಕೆ ಲೆಪಾಂಟೋ ಸೋತು ವರ್ಷದೊಳಗೆ ಎದ್ದು ನಿಂತಿದ್ದ ಸಾಮ್ರಾಜ್ಯದ ಕಡೆಯ ವರ್ಷಗಳವು.

ಎರಡನೇ ಮಹಾಯುದ್ಧದಲ್ಲಿ ಲೆಕ್ಕ ತಲೆಕೆಳಗಾಯಿತು. ಈ ಸಲ ಭಾರತದಿಂದ ಪಡೆದ ಸಾಮಾನು, ಸೈನ್ಯದ ಖರ್ಚಿನ ದೊಡ್ಡ ಪಾಲನ್ನು ಲಂಡನ್ನಿನಲ್ಲಿ ಸಾಲವೆಂದು ಬರೆದಿಡಬೇಕಾಯಿತು. 1945ರ ಹೊತ್ತಿಗೆ ಬ್ರಿಟನ್ ಭಾರತಕ್ಕೆ ಸುಮಾರು 130 ಕೋಟಿ ಪೌಂಡ್ ಕೊಡಬೇಕಿತ್ತು. ಆ ಸಾಮಾನು ಕೊಳ್ಳಲು ಇಲ್ಲಿ ಒತ್ತಿದ ನೋಟುಗಳಿಂದ ಬೆಲೆ ಏರಿ, 1943ರಲ್ಲಿ ಬಂಗಾಳ ಕಂಡ ಕ್ಷಾಮವೂ ಅದೇ ಲೆಕ್ಕದ ಇನ್ನೊಂದು ಪುಟ. ಯುದ್ಧ ಗೆದ್ದವರು ಬ್ರಿಟಿಷರೇ. ಭೂಪಟದ ಕೆಂಪು ಇನ್ನೂ ಹಾಗೇ ಇತ್ತು. ಆದರೆ ಜಪಾನಿಗೆ ಕಳೆದುಕೊಂಡ ಸಿಂಗಪುರದಂಥ ಇನ್ನೊಂದು ಸೋಲನ್ನು ತಡೆದುಕೊಳ್ಳುವುದಿರಲಿ, ಗೆಲುವಿನ ಖರ್ಚು ಹಾಕಲೂ ಇನ್ನು ಯಾರೂ ಉಳಿದಿರಲಿಲ್ಲ. 1956ರ ನವೆಂಬರ್ 5ರಂದು ಸೂಯೆಜ್ ಕಾಲುವೆ ಹಿಡಿಯಲು ಬ್ರಿಟಿಷ್, ಫ್ರೆಂಚ್ ಪ್ಯಾರಾಟ್ರೂಪರುಗಳು ಇಳಿದರು. ರಣರಂಗದಲ್ಲಿ ಎಲ್ಲವೂ ಸಲೀಸು. ಅತ್ತ ಪೌಂಡಿನ ಬೆಲೆ ಕುಸಿಯತೊಡಗಿತು; ಅಂತಾರಾಷ್ಟ್ರೀಯ ಹಣಕಾಸು ನಿಧಿಯಿಂದ ಸಾಲ ಬೇಕಾದರೆ ಮೊದಲು ಗುಂಡು ನಿಲ್ಲಿಸಿ ಎಂದಿತು ಅಮೆರಿಕ. ಮರುದಿನವೇ ಕದನವಿರಾಮ. ಪ್ರಧಾನಿ ಈಡನ್ ಜನವರಿಯಲ್ಲಿ ರಾಜೀನಾಮೆ ಕೊಟ್ಟ.

ಭಾವಮೈದನ ಬಳಿ ಒಂದು ತುರುಪು ಎಲೆ ಇದೆ, ಅದನ್ನು ಕಡೆಗೇ ಇಳಿಸುತ್ತಾನೆ. "ಹಂಗಾದ್ರೆ ನಿಮ್ಮ ಲೆಕ್ಕದಲ್ಲಿ ರಷ್ಯಾನೇ ಎಲ್ಲಾ ಕಾಲಕ್ಕೂ ದೊಡ್ಡದು ಅಲ್ವಾ ಭಾವ?" ನಾರ್ವಾ ಸೋತು ಎದ್ದರು, 1812ರಲ್ಲಿ ಮಾಸ್ಕೋ ಸುಟ್ಟುಹೋದ ಮೇಲೆ ಎರಡೇ ವರ್ಷಕ್ಕೆ ಪ್ಯಾರಿಸ್ ತಲುಪಿದರು, ಕ್ರಿಮಿಯಾದಲ್ಲಿ ಸೋತು ಮಧ್ಯ ಏಷ್ಯಾ ನುಂಗಿದರು. ಇಲ್ಲಿ ನನ್ನ ಅಳತೆಗೋಲು ಸ್ವಲ್ಪ ಚುಚ್ಚುತ್ತದೆ. ಜೀತದಾಳುಗಳ ಪ್ರಾಣಕ್ಕೆ ಬೆಲೆ ಕಟ್ಟದ ದೊರೆಗೆ ಸೋಲು ಯಾವತ್ತೂ ಅಗ್ಗವೇ. ಅದನ್ನು ಬಲ ಎಂದು ಒಪ್ಪಿಕೊಳ್ಳಲು ನನಗೆ ಮನಸ್ಸಿಲ್ಲ, ಆದರೆ ಒಪ್ಪದಿರಲು ಗಟ್ಟಿ ಕಾರಣವೂ ಸಿಗುತ್ತಿಲ್ಲ.

ಜೀತ 1861ರಲ್ಲಿ ರದ್ದಾದ ಮೇಲಿನ ರಷ್ಯಾ ಮಾತ್ರ ಬೇರೆ ಎಂದು ಅವನಿಗೆ ಹೇಳುತ್ತೇನೆ. 1905ರಲ್ಲಿ ಜಪಾನಿಗೆ ಸೋತು, ಊರೂರಲ್ಲಿ ದಂಗೆ ಎದ್ದು, ಜಾರ್ ದೊರೆ ಇನ್ನೇನು ಬಿದ್ದ ಎನ್ನುವಾಗ ಅವನನ್ನು ಎತ್ತಿ ನಿಲ್ಲಿಸಿದ್ದು 1906ರ 225 ಕೋಟಿ ಫ್ರಾಂಕ್ ಸಾಲ. ಬಹುಪಾಲು ದುಡ್ಡು ಫ್ರಾನ್ಸಿನದು, ರಷ್ಯಾ ಸರ್ಕಾರದ ಬಾಂಡು ಭದ್ರ ಎಂದು ನಂಬಿ ಕೊಂಡ ಸಣ್ಣಪುಟ್ಟ ಉಳಿತಾಯದಾರರದ್ದು. 1918ರಲ್ಲಿ, ಕ್ರಾಂತಿ ಮಾಡಿ ಅಧಿಕಾರ ಹಿಡಿದಿದ್ದ ಬೊಲ್ಶೆವಿಕರು ಜಾರ್ ಮಾಡಿದ ಸಾಲವನ್ನು ನಾವು ತೀರಿಸುವುದಿಲ್ಲ ಎಂದು ಘೋಷಿಸಿದರು. ಸುಮಾರು ಎಂಬತ್ತು ವರ್ಷ ಕಳೆದ ಮೇಲೆ, 1990ರ ದಶಕದ ಕೊನೆಗೆ, ರಷ್ಯಾ ಫ್ರಾನ್ಸಿಗೆ 40 ಕೋಟಿ ಡಾಲರ್ ಕೊಟ್ಟು ಲೆಕ್ಕ ಚುಕ್ತಾ ಎಂದಿತು. ಬಾಂಡು ಇಟ್ಟುಕೊಂಡಿದ್ದ ಫ್ರೆಂಚ್ ಸಂಘಗಳು ಇದು ಯಾವ ಮೂಲೆಗೂ ಸಾಲದು ಎಂದು ಆಮೇಲೂ ತಕರಾರು ಮುಂದುವರಿಸಿದವು.